ಮುಖ್ಯ ಅತಿಥಿಗಳಿಗೆ ಒಂದು ಬಿನ್ನವತ್ತಳೆ

(ರಾಷ್ಟ್ರೀಯ ವಿಜ್ಞಾನ ದಿನದ ಅಂಗವಾಗಿ ಏರ್ಪಡಿಸಿದ್ದ ‘ವೃತ್ತಿ ಮಾರ್ಗದರ್ಶನ ಹಾಗೂ ಸಂಶೋಧನಾ ಅರಿವು’ ವಿಶೇಷ ಉಪನ್ಯಾಸದ ಕೊನೆಯಲ್ಲಿ ಅಂತಿಮ ಬಿ.ಎಸ್ಸಿ. ವಿದ್ಯಾರ್ಥಿಗಳು ಭಕ್ತಿಪೂರ್ವಕ ಅರ್ಪಿಸಿದ್ದು)

ಮಾನ್ಯರೇ,

ತಮ್ಮ ಕಾರು ನಮ್ಮ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಗೇಟು ದಾಟಿದ ಕ್ಷಣದಿಂದ ನಾವು ಧನ್ಯರು. ಕಾರ್ಯಕ್ರಮ ಹತ್ತೂವರೆಗೆಂದು ಆಹ್ವಾನ ಪತ್ರಿಕೆಯಲ್ಲಿ ಇದ್ದುದರಿಂದ ನಾವು ಹತ್ತಕ್ಕೇ ಕುಳಿತಿದ್ದೆವು. ತಾವೂ ಹತ್ತೂವರೆಗೇ ಬಂದಿರಿ. ಆಮೇಲೆ ಪ್ರಾಂಶುಪಾಲರ ಕೊಠಡಿಯಲ್ಲಿ ಉಪ್ಪಿಟ್ಟು, ಕೇಸರಿಬಾತು, ಕಾಫಿ ಮೂರೂ ಸೇರಿ ತಮ್ಮನ್ನು ಹನ್ನೆರಡರವರೆಗೆ ಹಿಡಿದಿಟ್ಟುಕೊಂಡವು. ಆ ಹೊತ್ತನ್ನು ನಾವು ವ್ಯರ್ಥ ಮಾಡಲಿಲ್ಲ. ಸಭಾಂಗಣದ ಎಷ್ಟು ಫ್ಯಾನುಗಳು ತಿರುಗುತ್ತವೆ, ಎಷ್ಟು ತಿರುಗುವುದಿಲ್ಲ ಎಂಬ ವೀಕ್ಷಣೆಯನ್ನು ಪೂರೈಸಿದೆವು. ಈ ವರ್ಷ ನಮ್ಮ ಕಾಲೇಜಿನಲ್ಲಿ ನಡೆದ ಮೊದಲ ಸಂಶೋಧನೆ ಅದೇ.

ಪೇಟಾಲಂಕೃತರೇ,

ಪ್ರಾರ್ಥನೆ, ನಾಡಗೀತೆ, ಸಸಿಗೆ ನೀರು, ಸ್ವಾಗತ, ಪ್ರಾಸ್ತಾವಿಕ ನುಡಿ ಎಲ್ಲವನ್ನೂ ದಾಟಿ ತಾವು ಮೈಕಿನ ಬಳಿ ಬರುವ ಹೊತ್ತಿಗೆ ನಮಗೆ ಊಟದ ಹೊತ್ತಾಗಿತ್ತು. ತಮ್ಮನ್ನು ಪರಿಚಯಿಸಿದ ಮೇಡಂ ತಾವು ಪ್ರಕಟಿಸಿದ ಪ್ರಬಂಧಗಳೆಷ್ಟು, ಸುತ್ತಿದ ದೇಶಗಳೆಷ್ಟು ಎಂದು ಓದಿ ಹೇಳಿದರು. ಆ ಪ್ರಬಂಧಗಳು ಯಾವುದರ ಬಗ್ಗೆ ಎಂದು ಅವರು ಹೇಳಲಿಲ್ಲ, ತಾವೂ ಹೇಳಲಿಲ್ಲ. ಸನ್ಮಾನವನ್ನು ಉಪನ್ಯಾಸಕ್ಕೆ ಮೊದಲೇ ಮುಗಿಸಿದ್ದು ಸಂಘಟಕರ ದೂರದೃಷ್ಟಿ. ಉಪನ್ಯಾಸದ ನಂತರ ಸಭಾಂಗಣ ಎಷ್ಟು ತುಂಬಿರುತ್ತದೆಂದು ಅವರು ಬಲ್ಲರು. ಕಾಲೇಜಿನ ನ್ಯಾಕ್ ಮೌಲ್ಯಮಾಪನದ ಕಡತಕ್ಕೆ ಸೇರಬೇಕಾದ ಜಿಯೋಟ್ಯಾಗ್ ಫೋಟೊದಲ್ಲಿ ಅಕ್ಷಾಂಶ, ರೇಖಾಂಶ, ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಸ್ಪಷ್ಟವಾಗಿ ಬಂದಿವೆ. ನಾವೂ ಬಂದಿದ್ದೇವೆ, ಬರೀ ತಲೆಗಳಾಗಿ.

ಸ್ಫೂರ್ತಿಸಾಗರರೇ,

1921ರ ಹಡಗು ಪ್ರಯಾಣದಲ್ಲಿ ಸಿ.ವಿ. ರಾಮನ್ ಅವರು ಮೆಡಿಟರೇನಿಯನ್ ಸಮುದ್ರದ ನೀಲಿಗೆ ಮರುಳಾದ ಕಥೆಯನ್ನು ತಾವು ಮನಮುಟ್ಟುವಂತೆ ಹೇಳಿದಿರಿ. ಈ ಸಮುದ್ರವನ್ನು ನಾವು ಹೈಸ್ಕೂಲಿನಿಂದಲೂ ಪ್ರತಿ ಫೆಬ್ರವರಿಯಲ್ಲಿ ದಾಟುತ್ತ ಬಂದಿದ್ದೇವೆ. ಹಡಗು ಹತ್ತುವ ಮೊದಲಿನ ರಾಮನ್ ಮಾತ್ರ ನಮಗೆ ಸಿಗುವುದೇ ಇಲ್ಲ. 1907ರಲ್ಲಿ ಅವರು ಕಲ್ಕತ್ತೆಗೆ ಹೋದದ್ದು ಹಣಕಾಸು ಇಲಾಖೆಯ ಅಧಿಕಾರಿಯಾಗಿ. ಹಗಲು ಸರ್ಕಾರದ ಲೆಕ್ಕಪತ್ರ, ಕಚೇರಿಗೆ ಮುಂಚೆ ಮತ್ತು ಆಮೇಲೆ ಬೌಬಜಾರಿನ ಪ್ರಯೋಗಾಲಯ. ಹತ್ತು ವರ್ಷ ಹೀಗೇ ನಡೆಸಿ, 1917ರಲ್ಲಿ ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆಗೆ ಹೋದರು. ಒಂದು ಕೈಯಲ್ಲಿ ಬ್ಯಾಂಕ್ ಪರೀಕ್ಷೆಯ ಗೈಡು, ಇನ್ನೊಂದರಲ್ಲಿ ಪಿಡಿಒ ಪರೀಕ್ಷೆಯ ಗೈಡು ಹಿಡಿದಿರುವ ನಮಗೆ ಸಮುದ್ರದ ನೀಲಿಗಿಂತ ಆ ಹತ್ತು ವರ್ಷಗಳೇ ಹೆಚ್ಚು ಅರ್ಥವಾಗುತ್ತವೆ. ‘ದೊಡ್ಡ ಕನಸು ಕಾಣಿ’ ಎಂಬ ತಮ್ಮ ಮೂರು ಸ್ಲೈಡುಗಳಲ್ಲಿ ಒಂದನ್ನು ಅದಕ್ಕೆ ಬಿಟ್ಟುಕೊಡಬಹುದಿತ್ತು.

ಕಾಲಾತೀತರೇ,

ಐಐಟಿಗಳಲ್ಲಿ ಎಂ.ಎಸ್ಸಿ. ಓದಲು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಸೇರಲು ಜ್ಯಾಮ್ ಎಂಬ ಪರೀಕ್ಷೆ ಇದೆಯೆಂದು ತಾವು ಹೇಳಿದಾಗ ಮೊದಲ ಸಲ ಪೆನ್ನುಗಳ ಕ್ಯಾಪು ಬಿಚ್ಚಿದವು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ವಿಚಾರವನ್ನೂ ಬರೆದುಕೊಂಡೆವು. ಆ ಮೂರರಲ್ಲೊಂದನ್ನು ರಾಮನ್ ಅವರೇ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದರು. ಆದರೆ ಜ್ಯಾಮ್‌ಗೆ ಅರ್ಜಿ ತುಂಬುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಪರೀಕ್ಷೆ ನಡೆಯುವುದು ಫೆಬ್ರವರಿಯ ಮೊದಲ ಭಾಗದಲ್ಲಿ. ಬೇಸಿಗೆ ಫೆಲೋಶಿಪ್ಪಿನ ಅರ್ಜಿಯೂ ಹಿಂದಿನ ವರ್ಷದಲ್ಲೇ ಮುಗಿಯುತ್ತದೆ. ಇಂದು ಫೆಬ್ರವರಿ 28. 1987ರಿಂದ ವಿಜ್ಞಾನ ದಿನವನ್ನು ಇದೇ ತಾರೀಖಿಗೆ ಆಚರಿಸುತ್ತಿರುವುದರಿಂದ ಅಂತಿಮ ವರ್ಷದವರಿಗೆ ಬಾಗಿಲು ತೋರಿಸುವ ಕೆಲಸ ಬಾಗಿಲು ಹಾಕಿದ ಮೇಲೇ ನಡೆಯುತ್ತದೆ. ನಮ್ಮ ಸೀನಿಯರ್‌ಗಳಿಗೂ ಹೀಗೇ ಆಯಿತು. ಅವರೂ ಜೋರಾಗಿಯೇ ಚಪ್ಪಾಳೆ ತಟ್ಟಿದ್ದರು.

ಸಂಶಯ ನಿವಾರಕರೇ,

‘ಎನಿ ಕ್ವೆಶ್ಚನ್ಸ್?’ ಎಂದು ತಾವು ಇಂಗ್ಲಿಷಿನಲ್ಲಿ ಕೇಳಿದಿರಿ. ನಾವು ಕನ್ನಡದಲ್ಲಿ ಸುಮ್ಮನಿದ್ದೆವು. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸರ್, ಪಿಎಚ್.ಡಿ.ಗೆ ಐದು ವರ್ಷ ಅಂದ್ರಿ. ಅಲ್ಲೀವರೆಗೂ ಮನೇಲಿ ದುಡ್ಡು ಕೇಳ್ಬೇಕಾ?” ಎಂದಳು. ವಿಜ್ಞಾನಕ್ಕೆ ಬರುವವರು ದುಡ್ಡಿನ ಮುಖ ನೋಡಬಾರದು ಎಂದಿರಿ. ಚಪ್ಪಾಳೆ ಬಿತ್ತು, ಹುಡುಗಿ ಕೂತಳು. ಆಮೇಲೆ ಫೋನಿನಲ್ಲಿ ನಾವೇ ಹುಡುಕಿದೆವು. ಎಂ.ಎಸ್ಸಿ. ಮುಗಿಸಿ, ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಫೆಲೋಶಿಪ್ ಗಿಟ್ಟಿಸಿ ಪಿಎಚ್.ಡಿ.ಗೆ ಸೇರಿದವರಿಗೆ 2023ರ ಜನವರಿಯಿಂದ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಪರೀಕ್ಷೆ ಕಠಿಣ, ಜೆಆರ್‌ಎಫ್ ಎಲ್ಲರಿಗೂ ದಕ್ಕುವುದಿಲ್ಲ, ಹಣ ಕೆಲವೊಮ್ಮೆ ತಡವಾಗಿ ಬರುತ್ತದೆ. ಇರಲಿ. ಮಗಳಿಗೆ ಗಂಡು ನೋಡುತ್ತಿರುವ ಅಪ್ಪನ ಮುಂದೆ ವಿಜ್ಞಾನದ ಸೌಂದರ್ಯ ನಿಲ್ಲಲಾರದು, 37,000 ನಿಂತು ವಾದ ಮಾಡಬಲ್ಲದು.

ಔದಾರ್ಯನಿಧಿಗಳೇ,

ಇಷ್ಟೆಲ್ಲ ಹೊಗಳಿದ ಮೇಲೆ ಬೇಡಿಕೆಯಿಡುವುದು ಬಿನ್ನವತ್ತಳೆಯ ಸಂಪ್ರದಾಯ. ಮುಂದಿನ ಸಲ ಸೆಪ್ಟೆಂಬರಿನಲ್ಲಿ ಬನ್ನಿ. ತಮ್ಮ ಪ್ರಯೋಗಾಲಯದ ಒಬ್ಬ ಸಂಶೋಧನಾ ವಿದ್ಯಾರ್ಥಿಯನ್ನೂ ಕರೆತನ್ನಿ. ತಿಂಗಳುಗಟ್ಟಲೆ ಮಾಡಿದ ಪ್ರಯೋಗ ಕೈಕೊಟ್ಟಾಗ ಏನು ಮಾಡುತ್ತಾರೆ, ಗೈಡ್ ಬೈದರೆ ಯಾರ ಹತ್ತಿರ ಹೇಳಿಕೊಳ್ಳುತ್ತಾರೆ, ಕನ್ನಡ ಮಾಧ್ಯಮದಿಂದ ಹೋದವರು ಮೊದಲ ಸೆಮಿನಾರನ್ನು ಹೇಗೆ ಪಾರಾಗುತ್ತಾರೆ ಎಂದು ಅವರು ತಾವಿಲ್ಲದಾಗ ನಮಗೆ ಹೇಳಲಿ. ತಾವು ಆಗ ಕಾಫಿಗೆ ಹೋಗಬಹುದು. ಶೋಧಗಂಗಾ ಜಾಲತಾಣ ತೆರೆದು ಒಂದು ಪಿಎಚ್.ಡಿ. ಪ್ರಬಂಧ ಒಳಗೆ ಹೇಗಿರುತ್ತದೆಂದು ತೋರಿಸಿ. ಪರಿಚಯವಿಲ್ಲದ ವಿಜ್ಞಾನಿಗೆ ಬೇಸಿಗೆಯಲ್ಲಿ ಕೆಲಸ ಕಲಿಯಲು ಬರಲೇ ಎಂದು ಕೇಳುವ ಇಮೇಲನ್ನು ನಮ್ಮ ಕೈಯಲ್ಲೇ ಬರೆಸಿ, ತಪ್ಪು ತಿದ್ದಿ. ಜ್ಯಾಮ್ ಅರ್ಜಿಯನ್ನು ಪಕ್ಕದಲ್ಲಿ ಕೂತು ತುಂಬಿಸಿ.

ಹಾಗೊಂದು ಕಾರ್ಯಕ್ರಮವನ್ನು ಯಾವ ದಿನಾಚರಣೆಯ ಅಂಗವಾಗಿ ತೋರಿಸುವುದು ಎಂದು ಸಂಘಟನಾ ಸಮಿತಿ ತಕರಾರು ತೆಗೆಯಬಹುದು. ಬ್ಯಾನರಿನಲ್ಲಿ ‘ಅರ್ಜಿ ತುಂಬುವ ದಿನಾಚರಣೆ’ ಎಂದು ಹಾಕಿಸಲು ಹೇಳಿ. ಫೋಟೊಗೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತೇವೆ.

ಇಂತಿ ತಮ್ಮ ವಿಧೇಯ,
ಹಾಜರಾತಿಗೆ ಸಹಿ ಹಾಕಿದ ಎಲ್ಲರೂ,
ಹಾಗೂ ಊಟದ ನಂತರವೂ ಉಳಿದ ಕೆಲವರು