ಊರುನಿರ್ಣಯ: ಉಚ್ಚಿಲದಲ್ಲಿ ಬಸ್ಸಿಳಿದವನ ಮೂಲವನ್ನು ಕುರಿತ ಮೀಮಾಂಸೆ

ತಿಥಿನಿರ್ಣಯಕ್ಕೆ ಪಂಚಾಂಗ ಉಂಟು, ಗಡಿನಿರ್ಣಯಕ್ಕೆ ಸರ್ವೆಯವರು ಉಂಟು, ರೋಗನಿರ್ಣಯಕ್ಕೆ ಮಣಿಪಾಲ ಉಂಟು. ಆದರೆ ಉಚ್ಚಿಲ ಪೇಟೆಯ ರಿಕ್ಷಾ ಸ್ಟ್ಯಾಂಡಿನಲ್ಲಿ ಯಾರಾದರೂ ‘ಈರೆನ ಊರು ಓಲು?’ ಎಂದು, ಅಂದರೆ ನಿಮ್ಮ ಊರು ಎಲ್ಲಿ ಎಂದು, ಕೇಳಿದರೆ ತೆರೆದು ನೋಡಲು ಒಂದು ಶಾಸ್ತ್ರಗ್ರಂಥವೂ ಇಲ್ಲ. ನಮ್ಮ ವಿದ್ವತ್ ಪರಂಪರೆಯ ಈ ಕುಂದನ್ನು ನೀಗಲೆಂದೇ ಪ್ರಸ್ತುತ ಪ್ರಬಂಧ. ಗ್ರಂಥಾರಂಭದಲ್ಲಿ ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಊರು. ಅಧಿಕಾರಿ: ಒಂದಕ್ಕಿಂತ ಹೆಚ್ಚು ಕಡೆಯ ಅಜ್ಜಿಮನೆ ಉಳ್ಳವನು. ಪ್ರಯೋಜನ: ರಿಕ್ಷಾ ಬಾಡಿಗೆ ಕೊಂಚ ಇಳಿದೀತು. ಸಂಬಂಧ: ಇಲ್ಲಿಯ ತೊಂದರೆಯೇ ಅದು.

ಉದಾಹರಣೆಗೆ ತರ್ಕಶಾಸ್ತ್ರದ ಹಳೆಯ ಗಿರಾಕಿ ದೇವದತ್ತನನ್ನೇ ಕರೆಯೋಣ. ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂದು ಶತಮಾನಗಳಿಂದ ಪಂಡಿತರ ಎದುರು ಮಾನ ಕಳೆದುಕೊಳ್ಳುತ್ತಿರುವ ಆತನಿಗೂ ಒಂದು ಬದಲಾವಣೆ ಬೇಕು. ನಮ್ಮ ದೇವದತ್ತನ ತಂದೆ ಉಚ್ಚಿಲದ ಕಡಲಕರೆಯವರು, ಮನೆಮಾತು ತುಳು. ತಾಯಿ ಕಾರ್ಕಳದ ಕೊಂಕಣಿ ಮನೆಯವರು. ಇಬ್ಬರಿಗೂ ಗುರುತಾದದ್ದು ಮುಂಬಯಿಯ ಕನ್ನಡ ಕಾರ್ಯಕ್ರಮವೊಂದರಲ್ಲಿ, ಇಬ್ಬರಿಗೂ ಸೀಟು ಸಿಗದೆ ಬಾಗಿಲ ಬಳಿ ನಿಂತಿದ್ದಾಗ. ದೇವದತ್ತ ಬೆಳೆದದ್ದು ಡೊಂಬಿವಲಿಯಲ್ಲಿ. ಜಗಳ ಮರಾಠಿಯಲ್ಲಿ, ಲೆಕ್ಕ ಇಂಗ್ಲಿಷಿನಲ್ಲಿ, ಕಾಲಿಗೆ ಕಲ್ಲು ಎಡವಿದರೆ ತುಳು. ಹೆಂಡತಿ ಧಾರವಾಡದವರು. ಈ ಸಂಸಾರ ಮೇ ತಿಂಗಳಲ್ಲಿ ಉಚ್ಚಿಲದಲ್ಲಿ ಬಸ್ಸಿಳಿದಾಗ ಶಾಸ್ತ್ರಕ್ಕೆ ಕೆಲಸ ಬೀಳುತ್ತದೆ.

ಹುಟ್ಟಿದ್ದೇ ಊರು, ಇದರಲ್ಲೇನು ಗೊಂದಲ ಎಂಬುದು ಪೂರ್ವಪಕ್ಷ. ಈ ವಾದ ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದ್ದು. 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು, ಕಾಲಕ್ರಮೇಣ ಗರ್ಭಿಣಿಯರೂ ಆ ಗುಡ್ಡ ಹತ್ತಿದರು. ಹುಟ್ಟಿದ್ದೇ ಊರೆಂದರೆ ಕಾಪುವಿನಿಂದ ಕಾರ್ಕಳದವರೆಗೆ ಎಷ್ಟೋ ಮಂದಿ ಮಣಿಪಾಲದವರಾಗುತ್ತಾರೆ. ಡಿಸ್ಚಾರ್ಜ್ ಆದ ಮೇಲೆ ಅವರು ಅತ್ತ ಹೋದದ್ದು ಇನ್ನೊಬ್ಬರನ್ನು ನೋಡಲಿಕ್ಕೆ. ಇನ್ನು ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂಬ ಪದ್ಧತಿ. ದೇವದತ್ತ ಹುಟ್ಟಿದ್ದು ಕಾರ್ಕಳದಲ್ಲಿ. ಬಾಣಂತನ ಮುಗಿದು ತಾಯಿಯ ಮಡಿಲಲ್ಲಿ ಮುಂಬಯಿಗೆ ಹೋದ ದಿನವೇ ಆತ ಭಾರತದ ಜನಗಣತಿಯ ಲೆಕ್ಕದಲ್ಲಿ ವಲಸಿಗ. ಹಲ್ಲು ಆಮೇಲೆ ಬಂತು. ಗಣತಿಯವರು ಹುಟ್ಟಿದ ಸ್ಥಳ ಕೇಳುತ್ತಾರೆ, ಹಿಂದೆ ವಾಸವಿದ್ದ ಸ್ಥಳ ಬೇರೆಯೇ ಕೇಳುತ್ತಾರೆ. ನಿಮ್ಮ ಊರು ಯಾವುದೆಂದು ಕೇಳುವ ಧೈರ್ಯ ಮಾತ್ರ ಮಾಡಿಲ್ಲ. ಬಾಲ್ಯದಲ್ಲಿ ತಾಯಿ ಮಗುವಿನ ಜೊತೆ ಆಡಿದ ಭಾಷೆಯೇ ಮಾತೃಭಾಷೆ ಎಂಬುದು ಅವರ ವ್ಯಾಖ್ಯೆ. ಆ ಪ್ರಕಾರ ದೇವದತ್ತನದು ಕೊಂಕಣಿ. ಕೊಂಕಣಿ 1992ರಲ್ಲೇ ಸಂವಿಧಾನದ ಎಂಟನೇ ಪರಿಚ್ಛೇದದೊಳಗೆ ಸೇರಿತು. ತುಳುವನ್ನು 2011ರ ಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಮ್ಮದೆಂದು ಬರೆಸಿದರೂ ಅದಿನ್ನೂ ಅಂಗಳದಲ್ಲೇ ನಿಂತಿದೆ. ಅಂದರೆ ತಾಯಿಯ ಮಾತಿಗೆ ಸಂವಿಧಾನದ ಬೆಂಬಲ ಉಂಟು, ತಂದೆಯ ಮಾತಿಗೆ ಇಲ್ಲ. ಮನೆಯೊಳಗೆ ಇದು ಮೊದಲೇ ಗೊತ್ತಿದ್ದ ಸಂಗತಿ.

ಹಾಗಾದರೆ ತಂದೆಯ ಊರೇ ಊರು ಎನ್ನೋಣ. ಆದರೆ ಆ ಉಚ್ಚಿಲವಾದರೂ ಎಲ್ಲಿಯದು? ಟಿಪ್ಪು ಬಿದ್ದ 1799ರಿಂದ ಈ ತೀರವೆಲ್ಲ ಕಂಪನಿಯವರ ಕೆನರಾ. ಮುಂದೆ ಕೆನರಾ ಎರಡಾಗಿ, 1862ರಲ್ಲಿ ಉತ್ತರದ ಪಾಲು ಬೊಂಬಾಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣದ ಪಾಲು ಮದರಾಸಿನಲ್ಲೇ ಉಳಿಯಿತು. ಅದರ ಜನ ಮಾತ್ರ ಸರಕಾರಿ ಆದೇಶಕ್ಕೆ ಕಾಯದೆ ತಾವಾಗಿಯೇ ಬೊಂಬಾಯಿಗೆ ಹೋದರು. 1902ರಷ್ಟು ಹಿಂದೆಯೇ ಮೊಗವೀರರು ಅಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡಿದ್ದರು. ಹೋಗದೆ ಉಳಿದವರ ಗತಿ ಏನು? ದೇವದತ್ತನ ಅಜ್ಜಿಯನ್ನು ನೋಡಿ. ಹುಟ್ಟುವಾಗ ಮದರಾಸಿನವಳು. 1956ರ ನವೆಂಬರ್ 1ರ ಬೆಳಿಗ್ಗೆ ಬಾವಿಗೆ ಕೊಡಪಾನ ಇಳಿಸುವಾಗ ಮೈಸೂರು ರಾಜ್ಯದವಳು. 1973ರಲ್ಲಿ ಅದೇ ಬಾವಿಕಟ್ಟೆಯಲ್ಲಿ ನಿಂತು ಕರ್ನಾಟಕದವಳಾದಳು. 1997ರ ಆಗಸ್ಟಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆಯನ್ನು ತೊರೆದು ಉಡುಪಿ ಜಿಲ್ಲೆಗೆ ಬಂದಳು, 2018ರಲ್ಲಿ ಉಡುಪಿ ತಾಲೂಕನ್ನು ಬಿಟ್ಟು ಕಾಪು ತಾಲೂಕು ಸೇರಿದಳು. ಹೆದ್ದಾರಿ ಕೂಡ 17 ಇದ್ದದ್ದು 66 ಆಯಿತು. ಮಗ ಮುಂಬಯಿಗೆ ಹೋದ, ಮೊಮ್ಮಗ ಒಂದಷ್ಟು ಕಾಲ ದುಬೈಯಲ್ಲಿದ್ದು ಬಂದ. ಆದರೂ ಆ ಮನೆಯಲ್ಲಿ ಅತಿ ಹೆಚ್ಚು ವಿಳಾಸ ಬದಲಿಸಿದವಳು, ಧರ್ಮಸ್ಥಳದ ಆಚೆಗೆ ಕಾಲಿಡದ ಅಜ್ಜಿಯೇ.

ಪ್ರಾಸಂಗಿಕವಾಗಿ: ಪಂಚಾಯತಿನ ಬೋರ್ಡಿನಲ್ಲಿ ಇದು ಉಚ್ಚಿಲವೂ ಅಲ್ಲ, ಬಡಾ. ಮೇಲಾಗಿ ಇನ್ನೊಂದು ಉಚ್ಚಿಲ ಬೇರೆ ಉಂಟು, ಉಳ್ಳಾಲದಾಚೆ, ತಲಪಾಡಿಯ ಈಚೆ, ಸೋಮೇಶ್ವರದ ಪಕ್ಕ. ಅದಕ್ಕೂ ಕಡಲು, ಅದಕ್ಕೂ ಅದೇ 66. ಆದ್ದರಿಂದ ಇಲ್ಲಿಯವರು ಉಡುಪಿ ಉಚ್ಚಿಲ ಎಂದು ಬಿಡಿಸಿ ಹೇಳಬೇಕು. ಮಹಾಲಕ್ಷ್ಮೀ ದೇವಸ್ಥಾನದಲ್ಲಿ 2022ರಲ್ಲಿ ಶುರುವಾದ ದಸರಾದ ಹೆಸರೂ ಉಡುಪಿ ಉಚ್ಚಿಲ ದಸರಾ. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಪಂಚಭೇದವನ್ನು ಹೇಳುವಾಗ ಜಡಕ್ಕೂ ಜಡಕ್ಕೂ ಭೇದ ಉಂಟು ಎಂದಿದ್ದಾರೆ. ಉಚ್ಚಿಲಕ್ಕೂ ಉಚ್ಚಿಲಕ್ಕೂ ಇರುವ ಭೇದ ಈ ಪೈಕಿಯದೆಂದು ನಮ್ಮ ಮತ. ‘ಜಡ’ ಎಂದದ್ದಕ್ಕೆ ಎರಡೂ ಉಚ್ಚಿಲದವರು ಒಟ್ಟಾಗಿ ಆಕ್ಷೇಪ ಎತ್ತಿದರೆ ಅಭೇದವೂ ಸಿದ್ಧಿಸಿದಂತಾಗುತ್ತದೆ.

ದೊಡ್ಡವರು ಇದರಿಂದ ಪಾರಾಗಿದ್ದಾರೆಯೇ? ಇಲ್ಲ. ಯು. ಆರ್. ಅನಂತಮೂರ್ತಿಯವರ ಹೆಸರಿನ ಮೊದಲಕ್ಷರ ಉಡುಪಿ. ಹುಟ್ಟಿದ್ದು ತೀರ್ಥಹಳ್ಳಿಯ ಮೇಳಿಗೆಯಲ್ಲಿ. ಕೋಟ ಶಿವರಾಮ ಕಾರಂತರು ಕೋಟವನ್ನು ಹೆಸರಿನಲ್ಲಿಟ್ಟುಕೊಂಡು ದಶಕಗಟ್ಟಲೆ ಪುತ್ತೂರಿನಲ್ಲಿದ್ದರು, ಕೊನೆಗಾಲಕ್ಕೆ ಸಾಲಿಗ್ರಾಮ ಸೇರಿದರು. ಎಲ್ಲರಿಗಿಂತ ತೊಡಕಿನವರು ಗೋವಿಂದ ಪೈಗಳು. ಮನೆಮಾತು ಕೊಂಕಣಿ, ಬರೆದದ್ದು ಕನ್ನಡ, 1949ರಲ್ಲಿ ರಾಷ್ಟ್ರಕವಿ ಎಂದದ್ದು ಮದರಾಸು ಸರಕಾರ, ಮನೆ ಮಂಜೇಶ್ವರ. 1956ರಲ್ಲಿ ಆ ಮನೆ ಗೋಡೆ ಸಮೇತ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವುದು ಕರ್ನಾಟಕಕ್ಕೆ ಬರಲಿ ಎಂದು ಮಹಾಜನ ಆಯೋಗ 1967ರಲ್ಲಿ ಹೇಳುವಾಗ ಪೈಗಳು ತೀರಿ ನಾಲ್ಕು ವರ್ಷವಾಗಿತ್ತು. ವರದಿ ಈಗಲೂ ವರದಿಯೇ.

ಈಗ ಶಾಸ್ತ್ರದ ಕಠಿಣ ಅಧಿಕರಣ. ದೇವದತ್ತನ ತಂದೆಯ ಕಡೆ ಅಳಿಯಕಟ್ಟು. ಭೂತಾಳಪಾಂಡ್ಯನ ಹೆಸರಿನಲ್ಲಿ ನಡೆದುಬಂದ ಈ ಕಟ್ಟಿನಲ್ಲಿ ಬರಿ ಎಂಬ ಕುಲದ ಗುರುತು ಇಳಿಯುವುದು ತಾಯಿಯಿಂದ. ತಂದೆ ಎಂದರೆ ಗೌರವಾನ್ವಿತ ಅತಿಥಿ. ತಾಯಿಯ ಕಡೆ ಮಕ್ಕಳಕಟ್ಟು. ಅಲ್ಲಿ ಗೋತ್ರ ಇಳಿಯುವುದು ತಂದೆಯಿಂದ. ಹೀಗಾಗಿ ಉಚ್ಚಿಲದವರು ‘ಅವನು ತಾಯಿ ಕಡೆಯವನಲ್ಲವಾ’ ಎನ್ನುತ್ತಾರೆ, ಕಾರ್ಕಳದವರು ‘ಅವನು ತಂದೆ ಕಡೆಯವನಲ್ಲವಾ’ ಎನ್ನುತ್ತಾರೆ. ಬರಿ ಕೊಡಬೇಕಾದ ತಾಯಿಯಲ್ಲಿ ಬರಿ ಇಲ್ಲ, ಗೋತ್ರ ಕೊಡಬೇಕಾದ ತಂದೆಯಲ್ಲಿ ಗೋತ್ರ ಇಲ್ಲ. ಎರಡು ಬಸ್ಸಿನ ಟಿಕೇಟು ಕಿಸೆಯಲ್ಲಿದ್ದು ಎರಡರಲ್ಲೂ ಸೀಟಿಲ್ಲದವನ ಸ್ಥಿತಿ. ತದ್ವಿರುದ್ಧವಾಗಿ, ದೇವದತ್ತನ ಗೆಳೆಯ ಯಜ್ಞದತ್ತನ ತಾಯಿ ಉಚ್ಚಿಲದವರು, ತಂದೆ ಕಾರ್ಕಳದವರು. ಅವನಿಗೆ ಬರಿಯೂ ಬಂತು, ಗೋತ್ರವೂ ಬಂತು. ಎರಡು ಕಡೆಯ ಪ್ರಸಾದ, ಎರಡು ಕಡೆಯ ಸೂತಕ. ಯಾರು ಪುಣ್ಯವಂತ ಎಂಬುದರಲ್ಲಿ ಟೀಕಾಕಾರರಿಗೆ ಒಮ್ಮತವಿಲ್ಲ. ರಜೆ ಕಡಿಮೆ ಇರುವ ನೌಕರಿಯವರು ದೇವದತ್ತನ ಪರ.

1949ರ ಮದರಾಸು ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿ ಪಾಲಾಗಲು ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹಳೆಯ ಕಟ್ಟನ್ನು ಇನ್ನಷ್ಟು ಸಡಿಲಿಸಿತು ಎಂದು ವಕೀಲರು ಹೇಳಬಹುದು. ನಿಜ. ಆದರೆ ಮನೆತನದ ನಾಗದೇವರಿಗೆ ಆ ಕಾಯ್ದೆಗಳ ಪ್ರತಿ ತಲುಪಿದಂತಿಲ್ಲ. ಮನೆಯಲ್ಲಿ ಮದುವೆ ತಡವಾದರೆ, ಮೈಮೇಲೆ ಕಜ್ಜಿ ಎದ್ದರೆ ಇಂದಿಗೂ ಪ್ರಶ್ನೆ ಇಡಿಸುತ್ತಾರೆ. ಕವಡೆ ಉರುಳುತ್ತದೆ. ‘ನಿಮ್ಮ ಮೂಲನಾಗ ಇಲ್ಲಿಯದಲ್ಲ, ಪೂರ್ವಕ್ಕೆ, ಹರಿಯುವ ನೀರಿನ ಹತ್ತಿರ, ಹಳೆಯ ಮರವೊಂದರ ಬುಡದಲ್ಲಿ’ ಎಂದು ಬರುತ್ತದೆ. ತುಳುನಾಡಿನಲ್ಲಿ ಹರಿಯುವ ನೀರೂ ಹಳೆಯ ಮರವೂ ಇಲ್ಲದ ಜಾಗವೆಂದರೆ ಹೆಜಮಾಡಿಯ ಟೋಲ್‌ಗೇಟು ಮಾತ್ರ. ಆ ಟೋಲ್‌ಗೇಟಿಗೂ ಒಂದು ದರ್ಶನ ಉಂಟೆಂಬುದನ್ನು ಮರೆಯಬಾರದು: 20 ಕಿಲೋಮೀಟರಿನೊಳಗೆ ಮನೆ ಇರುವವನು ಸ್ಥಳೀಯ, ಅವನ ಸ್ವಂತ ಕಾರಿಗೆ ರಿಯಾಯಿತಿಯ ತಿಂಗಳ ಪಾಸು. ತಾಯಿ ಯಾರು, ನಾಗ ಎಲ್ಲಿ, ಒಂದೂ ಬೇಡ. ಇಷ್ಟು ನಿರ್ಮಲವಾದ ಸಿದ್ಧಾಂತಕ್ಕೆ ಜನ ಯಾಕೆ ಬೈಯುತ್ತಾರೋ.

ರಾಜ್ಯ ಸರಕಾರದ ದರ್ಶನ ಇದಕ್ಕಿಂತ ಸೂಕ್ಷ್ಮ. ವೃತ್ತಿಶಿಕ್ಷಣದ ಸೀಟಿಗೆ ಅರ್ಜಿ ಹಾಕುವವರು ಕರ್ನಾಟಕದಲ್ಲಿ 7 ವರ್ಷ ಓದಿರಬೇಕು. ಓದಿಲ್ಲವೇ, ಹೊರನಾಡ ಕನ್ನಡಿಗರು, ಗಡಿನಾಡ ಕನ್ನಡಿಗರು ಎಂಬ ಬಾಗಿಲುಗಳು ಉಂಟು; ಒಳಗೆ ಬರಲು 50 ಅಂಕದ ಒಂದು ಕನ್ನಡ ಪರೀಕ್ಷೆ, 12 ಬಂದರೆ ಸಾಕು. ದೇವದತ್ತನ ಮಗಳು ಡೊಂಬಿವಲಿಯಿಂದ ಬಂದು ಅದನ್ನು ಬರೆದಳು. ಧಾರವಾಡದ ತಾಯಿ ಮನೆಯಲ್ಲೇ ಕುಳ್ಳಿರಿಸಿ ಪಾಠ ಮಾಡಿದ್ದರಿಂದ ಸುಲಭವಾಗಿ ಪಾಸಾಗಿ, ಕುಟುಂಬದಲ್ಲಿ ಮುದ್ರೆ ಬಿದ್ದ ಮೊದಲ ಕನ್ನಡತಿಯಾದಳು. ಅಂದಿನಿಂದ ಅಪ್ಪನ ಕನ್ನಡವನ್ನು ತಿದ್ದುತ್ತಾಳೆ. ಅಪ್ಪನಿಗೆ 12 ಬರುತ್ತಿತ್ತೇ ಎಂಬ ಪ್ರಶ್ನೆಯನ್ನು ಪ್ರಸ್ತುತ ಪ್ರಬಂಧ ಎತ್ತುವುದಿಲ್ಲ.

ಇಷ್ಟು ಪ್ರಮಾಣಗಳು ಒಂದಕ್ಕೊಂದು ಹೊಡೆದುಕೊಳ್ಳುವುದನ್ನು ಕಂಡ ಮೇಲೆ ನಾವು ದೇವದತ್ತನನ್ನು ಕೇಳುವುದನ್ನೇ ಬಿಟ್ಟು, ಅವನನ್ನು ಕೇಳಿದವರ ಕಡೆ ತಿರುಗಿದೆವು. ಸಂಗತಿ ಬೆಳಕಿಗೆ ಬಂತು. ದುಬೈಯಲ್ಲಿ ಆತ ಇಂಡಿಯಾದವನು. ದಿಲ್ಲಿಯಲ್ಲಿ ಮದ್ರಾಸಿ. ಡೊಂಬಿವಲಿಯಲ್ಲಿ ಹೆಸರು ಏನೇ ಇರಲಿ, ಶೆಟ್ಟಿ, ಅದೂ ಹೋಟೆಲಿನ ಶೆಟ್ಟಿ. ಬೆಂಗಳೂರಿನಲ್ಲಿ ಮಂಗ್ಳೂರಿನವನು. ಮಂಗಳೂರಿನಲ್ಲಿ ‘ಉಡುಪಿ ಸೈಡಿನವರಾ?’ ಉಡುಪಿಯಲ್ಲಿ ಕಾಪು ಕಡೆಯವನು. ಕಾಪುವಿನಲ್ಲಿ, ಕೊನೆಗೂ, ಉಚ್ಚಿಲದವನು. ಅಲ್ಲಿಂದ ಹತ್ತು ನಿಮಿಷ ಬಸ್ಸಿನಲ್ಲಿ ಬಂದು ಉಚ್ಚಿಲದಲ್ಲಿ ಇಳಿದರೆ ಮೊದಲು ಸಿಕ್ಕಿದ ದಾಯಾದಿ ಬಾಯ್ತುಂಬ ನಕ್ಕು ಕೇಳುತ್ತಾನೆ: ‘ಓ, ಬೊಂಬಾಯಿದಾರ್! ಏಪ ಬತ್ತಿನಿ? ಏಪ ಪೋಪಿನಿ?’ ಬಂದದ್ದು ಯಾವಾಗ, ಹೋಗುವುದು ಯಾವಾಗ. ಎರಡು ಪ್ರಶ್ನೆಗಳ ನಡುವೆ ಉಸಿರಾಡಲು ಬಿಡುವುದಿಲ್ಲ. ಬೊಂಬಾಯಿಯವನು ಎಂದು ಅವನನ್ನು ಕರೆಯುವ ಜಗತ್ತಿನ ಏಕೈಕ ಊರು ಉಚ್ಚಿಲ. ಬೊಂಬಾಯಿಯೂ ಈವರೆಗೆ ಹಾಗೆ ಕರೆದಿಲ್ಲ.

ಆದ್ದರಿಂದ ಊರು ಎಂಬುದು ಉತ್ತರ ಕೊಡುವವನ ಗುಣವಲ್ಲ, ಪ್ರಶ್ನೆ ಕೇಳುವವನ ಹಕ್ಕು. ಆ ಹಕ್ಕು ಚಲಾವಣೆಯಾಗುವುದನ್ನು ಕಾಣಲು ದೇವಸ್ಥಾನದ ಉತ್ಸವದಂಥ ಪ್ರಯೋಗಶಾಲೆ ಬೇರಿಲ್ಲ. ರಶೀದಿ ಪುಸ್ತಕ ಹಿಡಿದವರು ದೇವದತ್ತನ ಹೆಸರಿನ ಮುಂದೆ ‘ಮುಂಬಯಿ’ ಎಂದು ಬರೆದರೆ ಮೊತ್ತಕ್ಕೆ ಒಂದು ಸೊನ್ನೆ ಹೆಚ್ಚು. ‘ಉಚ್ಚಿಲ’ ಎಂದು ಬರೆದರೆ ಸೊನ್ನೆ ಉಳಿಯುತ್ತದೆ, ಆದರೆ ಅನ್ನಸಂತರ್ಪಣೆಗೆ ಬಡಿಸಲು ನಿಲ್ಲಬೇಕು. ಹೊರಗಿನವನಿಗೆ ವೇದಿಕೆ, ಕುರ್ಚಿ, ಶಾಲು. ಒಳಗಿನವನಿಗೆ ಸಾರಿನ ಬಾಲ್ದಿ. ಈ ಶಾಲು-ಬಾಲ್ದಿ ನ್ಯಾಯ ಇದುವರೆಗೆ ಎಲ್ಲೂ ತಪ್ಪಿದ್ದಿಲ್ಲ ಎಂದು ನಾವು ಗ್ರಂಥ ಮುಗಿಸುವುದರಲ್ಲಿದ್ದೆವು.

ಅಷ್ಟರಲ್ಲಿ ದೇವದತ್ತನನ್ನು ವೇದಿಕೆಗೆ ಕರೆದು ಶಾಲು ಹೊದೆಸಿದರು. ಕೆಳಗಿಳಿದು ಮೆಟ್ಟಿಲು ದಾಟುವ ಮೊದಲೇ ಯಾರೋ ‘ದೇವಣ್ಣಾ, ಜನ ಕಡಿಮೆ ಉಂಟು’ ಎಂದು ಬಾಲ್ದಿಯನ್ನೂ ಕೈಗೆ ಕೊಟ್ಟರು. ಶಾಲು ತೆಗೆದಿಡಲು ಜಾಗವಿಲ್ಲ. ಮೂರನೇ ಎಲೆಗೆ ಬಗ್ಗುವಾಗ ಶಾಲಿನ ತುದಿ ಸಾರಿನೊಳಗೆ ಇಳಿಯಿತು. ಶಾಲಿನ ಪಕ್ಷದವರು ಸಾರು ಕೆಟ್ಟಿತು ಎಂದರು, ಸಾರಿನ ಪಕ್ಷದವರು ಶಾಲು ಕೆಟ್ಟಿತು ಎಂದರು. ಇದು ಶಾಸ್ತ್ರದಲ್ಲಿ ಅಪೂರ್ವವಾದ ಉಭಯಾಪತ್ತಿ, ಸ್ವಲ್ಪ ತಡೆಯಿರಿ, ವಿಚಾರ ಮಾಡೋಣ ಎಂದು ನಾವು ಪಂಕ್ತಿಯ ನಡುವೆಯೇ ಟಿಪ್ಪಣಿ ಪುಸ್ತಕ ತೆರೆದೆವು. ಹಿಂದಿನಿಂದ ಸಮಿತಿಯ ಕಾರ್ಯದರ್ಶಿಗಳ ಧ್ವನಿ ಬಂತು:

‘ದೇವಣ್ಣಾ, ಬೇಗ ಬೇಗ ಬಡಿಸಿ ಮಾರಾಯ್ರೆ, ಎರಡನೇ ಪಂಕ್ತಿಯವರು ಬಿಸಿಲಲ್ಲಿ ನಿಂತಿದ್ದಾರೆ. ಆ ಪುಸ್ತಕದವರಿಗೂ ಒಂದು ಅನ್ನದ ಬುಟ್ಟಿ ಕೊಡಿ.’