ಒಂದು ಟ್ಯಾಬಿನ ರಾಮಾಯಣ

ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಕೋಡನ್ನು ಪ್ರೋಗ್ರಾಮಾಗಿ ಕಟ್ಟುವ ಬಿಲ್ಡ್ ಟೂಲ್ ಆರಿಸುವ ಮೀಟಿಂಗು ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಒಬ್ಬೊಬ್ಬರ ಜೇಬಿನಲ್ಲೂ ಒಂದೊಂದು ಜಾತಕ.

ಎಲ್ಲಕ್ಕಿಂತ ಹಿರಿದು ‘ಮೇಕ್’. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು. ಯಾವ ಫೈಲು ಬದಲಾಯಿತೋ ಅದಕ್ಕೆ ಸಂಬಂಧಪಟ್ಟದ್ದನ್ನಷ್ಟೇ ಮತ್ತೆ ಕಟ್ಟುವ ಜಾಣತನ ಅದರದು. ಆದರೆ ಅದಕ್ಕೆ ಸೂಚನೆ ಬರೆಯುವ ಮೇಕ್‌ಫೈಲಿನಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಎಂಟು ಸ್ಪೇಸ್ ಕೊಟ್ಟರೆ ಗ್ನೂ ಮೇಕ್ ಎಂಬ ಅದರ ಅವತಾರ ಕೆಲಸ ನಿಲ್ಲಿಸಿ, ‘ಟ್ಯಾಬ್ ಹಾಕಬೇಕೆಂದಿದ್ದಿರಾ?’ ಎಂದು ವಿಚಾರಿಸುತ್ತದೆ. ಗೊತ್ತಿದ್ದೂ ಸರಿಪಡಿಸಿಕೊಳ್ಳುವುದಿಲ್ಲ, ಅದರ ಗತ್ತೇ ಗತ್ತು! ಈ ಎಡವಟ್ಟು ಫೆಲ್ಡ್‌ಮನ್‌ಗೆ ಬೇಗನೇ ತಿಳಿದಿತ್ತು. ಅಷ್ಟರಲ್ಲಿ ಹತ್ತು-ಹನ್ನೆರಡು ಮಂದಿ ಬಳಸತೊಡಗಿದ್ದರು. ಅವರಿಗೇಕೆ ತೊಂದರೆ ಎಂದು ಹಾಗೇ ಬಿಟ್ಟರು. ಆ ದಾಕ್ಷಿಣ್ಯದ ಕಂತು ಇನ್ನೂ ತೀರಿಲ್ಲ. 2003ರಲ್ಲಿ ಮೇಕ್‌ಗಾಗಿ ಅವರಿಗೆ ಕಂಪ್ಯೂಟಿಂಗ್ ಸಂಘ ಎಸಿಎಂನ ಪ್ರಶಸ್ತಿ ಬಂತು, ಟ್ಯಾಬ್‌ಗಾಗಿ ಖಂಡಿತ ಅಲ್ಲ.

ಈ ಕಾಟಕ್ಕೆ ರೋಸಿ ಜೇಮ್ಸ್ ಡಂಕನ್ ಡೇವಿಡ್‌ಸನ್ ಜಾವಾದವರಿಗೆ ‘ಆ್ಯಂಟ್’ ಕೊಟ್ಟರು. ಟ್ಯಾಬ್ ಹೋಯಿತು, ಮಾರುದ್ದದ ಎಕ್ಸ್‌ಎಂಎಲ್ ವಕ್ಕರಿಸಿತು. ಅದರ ಬದಲು ಸ್ಕ್ರಿಪ್ಟಿಂಗ್ ಭಾಷೆ ಬಳಸಬಹುದಿತ್ತು ಎಂದು ಆಮೇಲೆ ಅವರಿಗೇ ಅನ್ನಿಸಿತಂತೆ.

ಜಾವಾದವರ ಇನ್ನೊಂದು ಜಾತಕ ‘ಮೇವನ್’, ಮಹಾ ಶಿಸ್ತಿನದು. ಯಾವ ಫೋಲ್ಡರಿನಲ್ಲಿ ಏನಿರಬೇಕೆಂದು ಅದೇ ಹೇಳುತ್ತದೆ. ಮೊದಲ ಸಲ ಓಡಿಸಿದರೆ ಲೈಬ್ರರಿಗಳನ್ನು ಇಳಿಸಿಕೊಳ್ಳುವಷ್ಟರಲ್ಲಿ ಕೆಳಗೆ ಹೋಗಿ ಬೈ-ಟು ಕಾಫಿ ಕುಡಿದು ಬರಬಹುದು.

ಆಂಡ್ರಾಯ್ಡ್‌ನವರು ಅದೃಷ್ಟವಂತರು: ಆಂಡ್ರಾಯ್ಡ್ ಸ್ಟುಡಿಯೋ ಜೊತೆ ಗ್ರೇಡಲ್ ಬಂದೇ ಬರುತ್ತದೆ, ಜಗಳಕ್ಕೆ ಆಸ್ಪದವಿಲ್ಲ. ಗೂಗಲ್ ತನ್ನ ಭಾರೀ ಕೋಡ್ ರಾಶಿಗೆ ಕಟ್ಟಿಕೊಂಡದ್ದನ್ನು 2015ರಲ್ಲಿ ‘ಬೇಜಲ್’ ಎಂದು ಹೊರಬಿಟ್ಟಿತು. ನಾಲ್ಕೇ ಜನರ ತಂಡಗಳೂ ಅದೇ ಬೇಕೆನ್ನುತ್ತವೆ. ಆಮೇಲೆ ನಾಲ್ವರಲ್ಲಿ ಒಬ್ಬರು ಬಿಲ್ಡ್ ಫೈಲಿನ ಸೇವೆಗೇ ಮೀಸಲು.