ಅಲ್ಲಾಡ್ಸೋ ತಮ್ಮಾ!

ಹಳೇ ಜೀಪು ಸಾಕಿದವರನ್ನು ಗುರುತಿಸಲು ಜೀಪು ನೋಡಬೇಕಿಲ್ಲ. ಮದುವೆಮನೆಯಲ್ಲಿ ಎಲ್ಲರೂ ಪಂಕ್ತಿ ಹಿಡಿಯಲು ಓಡುತ್ತಿರುವಾಗ, ಹೊರಗೆ ನಿಂತ ಯಾರದೋ ಗಾಡಿಯ ಮುಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು, ಟೈರಿನ ಒಳಅಂಚು ಸವರಿ, "ಟೈರಾಡ್ ಎಂಡ್ ಹೋಗೈತೆ" ಎಂದು ತೀರ್ಪು ಕೊಡುತ್ತಿರುತ್ತಾರಲ್ಲ, ಅವರೇ. ಚನ್ನಗಿರಿಯಿಂದ ಜಗಳೂರಿನ ತನಕ ಊರಿಗೊಬ್ಬರು ಸಿಗುತ್ತಾರೆ. ಟೈರು ಒಂದೇ ಮಗ್ಗುಲಿಗೆ ಸವೆದರೆ, ಮುಂದಿನ ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸುವ ಆ ರಾಡಿನ ತುದಿಯ ಜಾಯಿಂಟು ಸಡಿಲಾಗಿರಬಹುದು, ರಾಡೇ ಬಗ್ಗಿರಬಹುದು. ಆ ಮಾತು ಸುಳ್ಳಲ್ಲ. ಆದರೆ ಗಾಡಿಯ ಯಜಮಾನ ಮದುಮಗಳ ಅಪ್ಪ. ಅವನು ಧಾರೆ ಎರೆಯುತ್ತಿದ್ದಾನೆ.

ನನ್ನ ಪಾಲಿಗೆ ಬಂದವರು ಸ್ವಂತ ಭಾವ, ಅಕ್ಕನ ಗಂಡ. ಚನ್ನಗಿರಿ ಕಡೆ ಅಡಿಕೆ ತೋಟ. ತುಮ್ಕೋಸ್ ಸಹಕಾರ ಸಂಘಕ್ಕೆ ಅಡಿಕೆ ಹಾಕಿ ಬಂದ ದುಡ್ಡಿನಲ್ಲಿ ಅಕ್ಕನಿಗೆ ಸೀರೆ ಬಂತೋ ಇಲ್ಲವೋ, ಜೀಪಿಗೆ ಗ್ರೀಸು ಮಾತ್ರ ತಪ್ಪಲಿಲ್ಲ. ಅದರ ನಂಬರು ಈಗಲೂ ಶಿವಮೊಗ್ಗದ ಕೆಎ 14. ಅದು ರಸ್ತೆಗೆ ಇಳಿದಾಗ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು, ನ್ಯಾಮತಿ ತಾಲ್ಲೂಕೇ ಆಗಿರಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗಿ ಇವೆಲ್ಲ ಅದಕ್ಕೆ ಸೇರಿದವು, ಜೀಪು ಜಗ್ಗಲಿಲ್ಲ. ಸೀಟು ಹರಿದಿದೆ, ಬಾಗಿಲಿಲ್ಲ, ಹುಡ್ಡಿಗೆ ಗೊಬ್ಬರದ ಚೀಲದ ತೇಪೆ. ಇಷ್ಟೆಲ್ಲ ಜಿಪುಣತನದ ಮನುಷ್ಯ, ಸ್ಟೇರಿಂಗಿನ ಸಾಮಾನು ಅಂದರೆ ಮಾತ್ರ ಒರಿಜಿನಲ್ಲೇ ಆಗಬೇಕು. ನ್ಯಾಮತಿಯಾಚೆ ತೀರ್ಥರಾಮೇಶ್ವರದ ಕಡೆ ಕಾಡುದಾರಿಯಲ್ಲಿ ಬಂಡೆ ತಾಗಿ ಟೈರಾಡ್ ಕುಡುಗೋಲಿನ ಹಾಗೆ ಬಾಗಿದಾಗ, ಕಾಯಿಸಿ ತಟ್ಟಿಕೊಡುತ್ತೇನೆ ಎಂದ ವೆಲ್ಡಿಂಗ್ ಅಂಗಡಿಯವನ ಮೇಲೆ ಕೂಗಾಡಿಬಿಟ್ಟರು. "ಒಂದ್ಸಲ ಬಗ್ಗಿದ ರಾಡನ್ನ ನಂಬಬಾರ್ದು ಕಣೋ. ಬ್ರೇಕ್ ಹೋದ್ರೆ ಗೇರಲ್ಲಾದ್ರೂ ನಿಲ್ಲಿಸ್ಬೋದು, ಇದು ಹೋದ್ರೆ ಏನ್ ಹಿಡ್ಕೊಂತೀಯ?"

ಇದನ್ನೆಲ್ಲ ಒಪ್ಪುತ್ತೇನೆ. ಒಪ್ಪದಿರುವುದು ಒಂದೇ: ಸ್ಟೇರಿಂಗಿನ ಪ್ಲೇ, ಅಂದರೆ ಸಡಿಲ, ನೋಡಲು ಇಬ್ಬರು ಬೇಕು. ಒಬ್ಬ ಮೇಲೆ ಕೂತು ಸ್ಟೇರಿಂಗನ್ನು ಸಣ್ಣಗೆ ಅತ್ತಿತ್ತ ಅಲ್ಲಾಡಿಸಬೇಕು. ಇನ್ನೊಬ್ಬ ಕೆಳಗೆ ಮಲಗಿ ಒಂದೊಂದೇ ಬಾಲ್ ಜಾಯಿಂಟಿನ ಮೇಲೆ ಅಂಗೈ ಇಡಬೇಕು. ಹೋದದ್ದು ಕೈಗೆ 'ಕಟಕ್' ಅನ್ನುತ್ತದೆ. ಆ ಮೇಲೆ ಕೂರುವ ಹುದ್ದೆ ಹುಟ್ಟಿದ್ದೇ ನನಗಾಗಿ.

ಹೊನ್ನಾಳಿಯಲ್ಲೊಂದು ಮದುವೆ. ನಾನು ರೇಷ್ಮೆ ಅಂಗಿ, ಪಂಚೆಯಲ್ಲಿ ತಯಾರು. "ಒಂದ್ನಿಮಿಷ ಕೂತ್ಕೋ, ಬರೇ ಅಲ್ಲಾಡ್ಸು" ಎಂದು ಭಾವ ಗೋಣಿಚೀಲ ಹಾಸಿ ಒಳಗೆ ಜಾರಿದರು.

"ಎಡಕ್ಕೆ! ಲೇ, ನಿನ್ನೆಡ ಅಲ್ಲೋ, ನನ್ನೆಡ!"

ಬಂಪರಿನ ಕಡೆ ತಲೆ ಹಾಕಿ ಅಂಗಾತ ಮಲಗಿದವರ ಎಡ, ಸೀಟಿನಲ್ಲಿ ಕೂತವನಿಗೆ ಬಲ. ಇದನ್ನು ಅವರಿಗೆ ವಿವರಿಸಲು ಹೋದೆ. "ತಿಳೀತು ಬಿಡು, ಅಲ್ಲಾಡ್ಸೋ ತಮ್ಮಾ!"

ಎಡಗಡೆಯ ಎಂಡ್ ಹೋಗಿತ್ತು. ಸ್ಪ್ಲಿಟ್ ಪಿನ್ ಎಳೆದು ನಟ್ಟು ಸಡಿಲಿಸಿದರೂ ಅದು ಕಚ್ಚಿಕೊಂಡೇ ಇತ್ತು. ಅದರ ಕಾಂಡ ಓರೆಯಾಗಿ ಕೂತಿರುತ್ತದೆ, ಎಳೆದರೆ ಬರುವುದಿಲ್ಲ. ಅದು ಕೂತ ಸ್ಟೇರಿಂಗ್ ಆರ್ಮಿನ ಕಣ್ಣಿಗೆ ಎರಡೂ ಮಗ್ಗುಲಿಂದ ಒಟ್ಟಿಗೆ ಸುತ್ತಿಗೆ ಬೀಳಬೇಕು. ಅಂದರೆ ಎರಡನೇ ಸುತ್ತಿಗೆಗೆ ನಾನು. ಪಂಚೆ ಎತ್ತಿ ಕಟ್ಟಿದೆ. ಆಮೇಲೆ ಹಳೇ ಎಂಡನ್ನು ರಾಡಿನಿಂದ ತಿರುಗಿಸಿ ಬಿಚ್ಚುವಾಗ ಸುತ್ತು ಎಣಿಸಬೇಕು. ಹೊಸದು ಅಷ್ಟೇ ಸುತ್ತು ಒಳಗೆ ಹೋಗದಿದ್ದರೆ ಚಕ್ರದ ನೇರ ಕೆಡುತ್ತದೆ. ಆ ಹೊತ್ತಿಗೇ ಅಕ್ಕ ಬಾಗಿಲಿಗೆ ಬಂದಳು.

"ಇನ್ನೂ ಎಷ್ಟೊತ್ತುರೀ?"

"ಹದಿನಾಲ್ಕೂವರೆ!" ಎಂದಿತು ಜೀಪಿನ ಕೆಳಗಿನ ದನಿ.

ಅಕ್ಕ ಗಡಿಯಾರ ನೋಡಿಕೊಂಡು ಒಳಗೆ ಹೋದಳು. ಹೊನ್ನಾಳಿ ಮುಟ್ಟಿದಾಗ ಮದುಮಕ್ಕಳು ಊಟಕ್ಕೆ ಕೂತಿದ್ದರು. ನನ್ನ ಅಂಗಿಯ ಗ್ರೀಸು ಇಂದಿಗೂ ಹೋಗಿಲ್ಲ.

ಇನ್ನುಳಿದ ಗುಣಗಳು ಈ ಜೀಪಿನವರ ಜಾತಿಗೆಲ್ಲ ಸಾಮಾನ್ಯ. ಎದುರಿಗೆ ಜೀಪು ಬಂದರೆ ಕೈ ಎತ್ತುತ್ತಾರೆ, ಕಾರು ಬಂದರೆ ದಾರಿಯನ್ನೂ ಬಿಡುವುದಿಲ್ಲ. 1940ರ ದಶಕದ ಕೊನೆಗೆ ಮಹೀಂದ್ರದವರು ಬೊಂಬಾಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿದ ಕಥೆಯನ್ನು ತಾವೇ ಪಾನಾ ಹಿಡಿದು ನಿಂತಿದ್ದಂತೆ ಹೇಳುತ್ತಾರೆ.

ಆದರೂ ಒಂದು ಸಂಜೆಯ ಮಾತು ಹೇಳದಿದ್ದರೆ ಅನ್ಯಾಯವಾದೀತು. ಜಗಳೂರಿನಾಚೆ, ರಂಗಯ್ಯನದುರ್ಗದ ಕೊಂಡುಕುರಿ ಕಾಡಿನ ಕಡೆಯಿಂದ ಬರುತ್ತಿದ್ದೆವು. ರಸ್ತೆ ಬದಿಗೆ ಇನ್ನೊಂದು ಜೀಪು ನಿಂತಿತ್ತು. ಒಂದು ಚಕ್ರ ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಸ್ಪ್ಲಿಟ್ ಪಿನ್ನಿನ ಜಾಗದಲ್ಲಿ ಯಾರೋ ತಂತಿ ಸುತ್ತಿದ್ದರು. ಅದು ತುಂಡಾಗಿ, ನಟ್ಟು ಬಿಚ್ಚಿ, ಜಾಯಿಂಟ್ ಕಳಚಿತ್ತು. ಭಾವ ಬಿಸ್ಕತ್ ಡಬ್ಬಿಯಲ್ಲಿ ಜೋಪಾನ ಮಾಡಿದ್ದ ತಮ್ಮ ಹೊಸ ಎಂಡನ್ನು ತೆಗೆದು, ಕಲ್ಲಿನ ಮೇಲೇ ಮಲಗಿ ಹಾಕಿಕೊಟ್ಟರು. ದುಡ್ಡು ಮುಟ್ಟಲಿಲ್ಲ. ಮಗನಿಗೆ ಸಾಲ ಕೊಡಲೂ ಹತ್ತು ಪ್ರಶ್ನೆ ಕೇಳುವ ಮನುಷ್ಯ! ಆ ಡ್ರೈವರಿಗೆ ತಂತಿಯ ವಿಷಯದಲ್ಲಿ ಬೈದದ್ದು ಮಾತ್ರ ಜೀಪು ರಿಪೇರಿಗಿಂತ ಜಾಸ್ತಿ ಹೊತ್ತು ಹಿಡಿಯಿತು.

ಈಚೆಗೆ ಆ ಮಗ ಬೆಂಗಳೂರಿನಿಂದ ಹೊಸ ಕಾರು ತಂದ. ಒಂದೇ ಬೆರಳಿಗೆ ತಿರುಗುವ ಸ್ಟೇರಿಂಗು. ಅಕ್ಕ ಆರತಿ ಎತ್ತುವ ಮೊದಲೇ ಭಾವ ಗ್ರೀಸ್ ಗನ್ ಹಿಡಿದು ಕೆಳಗೆ ನುಗ್ಗಿದರು. ಬಹಳ ಹೊತ್ತು ಸದ್ದಿಲ್ಲ. ಎದ್ದು ಬಂದು, "ಎಲ್ಲಾ ಸೀಲು. ಗ್ರೀಸ್ ಹೊಡಿಯಾಕೆ ನಿಪ್ಪಲ್ಲೇ ಇಲ್ವಲ್ಲೋ" ಎಂದರು. "ಅದನ್ನೆಲ್ಲಾ ಸರ್ವೀಸಿನವ್ರು ನೋಡ್ಕೊಂತಾರಪ್ಪ" ಎಂದ ಮಗ. ಭಾವ ಆವತ್ತು ಕಾಫಿಗೆ ಸಕ್ಕರೆ ಸಾಲದು ಅಂತಲೂ ಅನ್ನಲಿಲ್ಲ. ನಾವು ಈಗ ಓಡಿಸುವ ಯಾವುದರ ಕೆಳಗೂ ನಮಗೆ ಕೆಲಸವಿಲ್ಲ. ಸುಖವೇ ಸರಿ. ಆದರೆ ಒಬ್ಬ ಮನುಷ್ಯನಿಗೆ ತನ್ನ ಗಾಡಿಯ ಬಗ್ಗೆ ಮಾಡಲು ಏನೂ ಉಳಿಯದಿದ್ದರೆ, ತೋಟದಿಂದ ಬಂದು ಸಂಜೆ ಅವನು ಏನು ಮಾಡಬೇಕು?

ಭಾವನ ಮೊಣಕಾಲು ನೋವಿಗೆ ಡಾಕ್ಟರು ನೆಲದ ಮೇಲೆ ಮಲಗಬೇಡಿ ಎಂದಿದ್ದಾರಂತೆ. ಹೋದ ವಾರ ನನ್ನನ್ನು ಕರೆಸಿ, ತಾವು ಸೀಟಿನಲ್ಲಿ ಕೂತು, ನನ್ನನ್ನು ಕೆಳಗೆ ಕಳಿಸಿದರು. ಎಲ್ಲ ಜಾಯಿಂಟಿಗೂ ಕೈ ಇಟ್ಟು ನೋಡಿ, "ಏನೂ ಇಲ್ಲ ಭಾವ, ಗಟ್ಟಿ ಐತೆ" ಎಂದೆ. ನಂಬಲಿಲ್ಲ. ಮೊಣಕಾಲಿಗೆ ಬೆಲ್ಟ್ ಬಿಗಿದುಕೊಂಡು ಇಳಿದರು. "ಏಳು, ನಿಂಗೆ ಕೈ ಇಲ್ಲ. ಮೇಲ್ ಕೂತ್ಕೋ."